ಜಾಡು ಬಲ್ಲವನು: ವೀರಪ್ಪನ್ ಚಿತ್ರಗಳಲ್ಲಿ ಕಾಣೆಯಾದ ಒಂದು ಪಾತ್ರದ ವಿಚಾರ

೧

ಅಪರಾಧಿಯೊಬ್ಬನು ಊರನ್ನು ಬಿಟ್ಟು ಕಾಡನ್ನು ಸೇರುತ್ತಾನೆ. ಅವನನ್ನು ಹಿಡಿಯಹೊರಟ ನಗರದ ಅಧಿಕಾರಿಗೆ ಕಾನೂನು ಗೊತ್ತಿದೆ, ಬಂದೂಕು ಗೊತ್ತಿದೆ, ನೆಲ ಗೊತ್ತಿಲ್ಲ. ಆದುದರಿಂದ ಮಲೆಯ ದಾರಿಗಳನ್ನು ಬಲ್ಲ ಒಬ್ಬನನ್ನು ಅವನು ಜೊತೆಗೆ ಕರೆದುಕೊಳ್ಳುತ್ತಾನೆ. ಮೊದಮೊದಲು ಇಬ್ಬರಿಗೂ ಹೊಂದುವುದಿಲ್ಲ. ಹಸಿವು, ಚಳಿ, ಅಪಾಯಗಳು ಇಬ್ಬರನ್ನೂ ಒಂದೇ ಮಟ್ಟಕ್ಕೆ ತಂದಮೇಲೆ ಸ್ನೇಹ ಬೆಳೆಯುತ್ತದೆ. ಕಡೆಗೆ ಅಪರಾಧಿ ಸಿಕ್ಕುತ್ತಾನೆ. ಬೆನ್ನಟ್ಟುವ ಕಥೆಗಳಲ್ಲಿ ಇದೊಂದು ಪ್ರಸಿದ್ಧವಾದ ಬಗೆ. ರಾಜರ್ ಸ್ಪಾಟಿಸ್‌ವುಡ್ ನಿರ್ದೇಶಿಸಿದ ‘ಷೂಟ್ ಟು ಕಿಲ್’ ಎಂಬ ೧೯೮೮ರ ಅಮೆರಿಕನ್ ಚಿತ್ರವನ್ನು ಈ ಬಗೆಯ ಒಳ್ಳೆಯ ಮಾದರಿಯೆಂದು ಹೇಳಬಹುದು. ಅದರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ನಗರದ ಅಧಿಕಾರಿಯಾಗಿ ಸಿಡ್ನಿ ಪಾಯ್ಟಿಯರ್, ಬೆಟ್ಟದ ಮಾರ್ಗದರ್ಶಕನಾಗಿ ಟಾಮ್ ಬೆರೆಂಜರ್ ಅಭಿನಯಿಸಿದ್ದಾರೆ. ಆ ಚಿತ್ರದ ಒಂದು ಗುಣವನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು. ಬೆಟ್ಟದಲ್ಲಿ ಮಾರ್ಗದರ್ಶಕನು ಗುರು, ಅಧಿಕಾರಿ ಶಿಷ್ಯ. ಬೇಟೆ ವ್ಯಾಂಕೂವರ್ ನಗರಕ್ಕೆ ಇಳಿದ ಕೂಡಲೆ ಅಧಿಕಾರಿ ಗುರು, ಮಾರ್ಗದರ್ಶಕನು ಶಿಷ್ಯ. ಒಬ್ಬೊಬ್ಬನ ಅರಿವಿಗೂ ಅದರದರ ನೆಲದಲ್ಲಿ ಬೆಲೆ ಸಿಕ್ಕುತ್ತದೆ.

ಈ ಕಥೆಯು ಇಷ್ಟು ಸುಗಮವಾಗಿ ಸಾಗುವುದಕ್ಕೆ ಒಂದು ಕಾರಣವಿದೆ. ಓಡಿಹೋಗುತ್ತಿರುವ ಕೊಲೆಗಾರನೂ ಆ ಬೆಟ್ಟಕ್ಕೆ ಪರಕೀಯನೇ. ಅವನೂ ದಾರಿ ತಿಳಿಯದೆ ಒಬ್ಬ ಮಾರ್ಗದರ್ಶಕಿಯನ್ನು ಒತ್ತೆಯಿಟ್ಟುಕೊಂಡು ನಡೆಯುತ್ತಾನೆ. ಆದುದರಿಂದ ಬೆಟ್ಟದವನು ಅಧಿಕಾರಿಗೆ ನೆರವಾಗುವುದರಲ್ಲಿ ಯಾವ ಧರ್ಮಸಂಕಟವೂ ಇಲ್ಲ. ಹಾಗಲ್ಲದೆ, ಓಡುತ್ತಿರುವವನೇ ಆ ಬೆಟ್ಟದವನಾದರೆ? ಬೇಟೆಯಾಗಬೇಕಾದವನೂ ದಾರಿ ತೋರಬೇಕಾದವನೂ ಒಂದೇ ಊರಿನ, ಒಂದೇ ನುಡಿಯ, ಒಂದೊಮ್ಮೆ ಒಂದೇ ಕುಲದ ಜನರಾದರೆ? ಆಗ ಈ ಕಥಾಪ್ರಕಾರದ ಗತಿಯೇನು? ಕನ್ನಡನಾಡಿನ ಚರಿತ್ರೆ ಇಂತಹ ಒಂದು ಪ್ರಸಂಗವನ್ನು ಕಣ್ಣೆದುರಿಗೇ ಇಟ್ಟಿದೆ. ಅದು ವೀರಪ್ಪನ್ ಪ್ರಕರಣ. ಅದನ್ನು ಕುರಿತ ‘ಅಟ್ಟಹಾಸ’ (೨೦೧೩), ‘ಕಿಲ್ಲಿಂಗ್ ವೀರಪ್ಪನ್’ (೨೦೧೬) ಎಂಬ ಎರಡು ಕನ್ನಡ ಚಿತ್ರಗಳನ್ನು ಈ ಒಂದೇ ಪ್ರಶ್ನೆಯ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ಚರಿತ್ರೆಯ ಅಧ್ಯಾಪಕರಿಗೆ ಚಲನಚಿತ್ರದ ಗೊಡವೆಯೇಕೆಂದು ಕೆಲವರು ಕೇಳಬಹುದು. ತರಗತಿಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆ ಘಟನೆಗಳನ್ನು ಬಲ್ಲುದು ಇಂತಹ ಚಿತ್ರಗಳಿಂದಲೇ, ಆಯೋಗದ ವರದಿಗಳಿಂದಲ್ಲ. ನಮ್ಮ ಕೆಲಸಕ್ಕೆ ಇಷ್ಟು ಸಮರ್ಥನೆ ಸಾಕು.

೨

ನಗರದ ಬಂದೂಕಿನವನೂ ಮಲೆಯ ಜಾಡು ಬಲ್ಲವನೂ ಜೊತೆಯಾಗಿ ನಡೆಯುವ ಕಥೆ ನಮಗೆ ಸಿನಿಮಾದಿಂದ ಮೊದಲು ಬಂದುದಲ್ಲ. ಅದರ ಒಂದು ಮುಖ್ಯ ಮೂಲ ಬೆಂಗಳೂರಿನ ದಂಡು ಪ್ರದೇಶದ ಬೇಟೆಯ ಸಾಹಿತ್ಯದಲ್ಲಿದೆ. ೧೮೦೯ರಲ್ಲಿ ಹಲಸೂರಿನ ಮಗ್ಗುಲಲ್ಲಿ ನೆಲೆಗೊಂಡು, ೧೯೪೭ರವರೆಗೆ ಬ್ರಿಟಿಷರ ಆಡಳಿತದಲ್ಲಿಯೇ ಇದ್ದ ಈ ದಂಡಿನಲ್ಲಿ ಬಿಡುವಿನ ದಿನಗಳಲ್ಲಿ ಕಾಡಿಗೆ ಹೋಗಿಬರುವುದು ಒಂದು ರೂಢಿಯಾಗಿತ್ತು. ಆ ರೂಢಿಯ ಕೊನೆಯ ಕಾಲದ ಪ್ರಮುಖ ಲೇಖಕನೆಂದರೆ ಕೆನೆತ್ ಆಂಡರ್ಸನ್ (೧೯೧೦–೧೯೭೪). ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಮುಂದೆ ನಗರದ ಪೂರ್ವಕ್ಕಿರುವ ವಿಮಾನ ಕಾರ್ಖಾನೆಯಲ್ಲಿ ಅಧಿಕಾರಿಯಾಗಿದ್ದವನು. ಅವನ ಮೊದಲ ಪುಸ್ತಕ ‘ನೈನ್ ಮ್ಯಾನ್‌ಈಟರ್ಸ್ ಅಂಡ್ ಒನ್ ರೋಗ್’ ಪ್ರಕಟವಾದುದು ೧೯೫೪ರಲ್ಲಿ. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯಿಂದಾಗಿ ಆ ಕಥೆಗಳು ಕನ್ನಡದವೇ ಎನ್ನುವಷ್ಟು ನಮ್ಮವಾಗಿವೆ.

ಆ ಮೊದಲ ಪುಸ್ತಕದಲ್ಲಿ ಒಂದು ಅಧ್ಯಾಯಕ್ಕೆ ಹುಲಿಯ ಹೆಸರಿಲ್ಲ, ಊರಿನ ಹೆಸರೂ ಇಲ್ಲ. ಒಬ್ಬ ಮನುಷ್ಯನ ಹೆಸರಿದೆ. ಬೈರ, ಪೂಜಾರಿ ಕುಲದವನು. ಚಿನ್ನಾರು ಹೊಳೆಯ ದಂಡೆಯ ಕಾಡಿನವನು. ಕಾಡನ್ನು ಓದುವ ವಿದ್ಯೆಯಲ್ಲಿ ತನಗಿಂತ ಅವನು ಬಹುಪಾಲು ಮೇಲೆಂದು ಆಂಡರ್ಸನ್ ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾನೆ. ಕಾನೂನಿನ ಕಣ್ಣಿನಲ್ಲಿ ಮಾತ್ರ ಬೈರನು ಕಳ್ಳಬೇಟೆಗಾರ. ಅಪ್ಪಣೆಯಿಲ್ಲದೆ ಬೇಟೆಯಾಡಿ ಹೊಟ್ಟೆ ಹೊರೆಯುವವನು. ಆ ಅಪರಾಧವನ್ನು ಬಲ್ಲ ಲೇಖಕನು ಅದನ್ನು ದೂರದೆ, ಅದರಿಂದಲೇ ಹುಟ್ಟಿದ ಅರಿವನ್ನು ತನ್ನ ಕೆಲಸಕ್ಕೆ ಬಳಸಿಕೊಳ್ಳುತ್ತಾನೆ.

ಈ ಸಂಬಂಧವನ್ನು ನಾವು ಆದರ್ಶವೆಂದು ಹೇಳುತ್ತಿಲ್ಲ. ಬಂದೂಕು ಯಾವಾಗಲೂ ಕಥೆ ಹೇಳುವವನ ಕೈಯಲ್ಲಿ, ಕೀರ್ತಿಯೂ ಅವನದೇ. ಬೇಟೆ ಮುಗಿದಮೇಲೆ ಒಬ್ಬನು ಬೆಂಗಳೂರಿಗೆ ಹಿಂತಿರುಗುತ್ತಾನೆ, ಇನ್ನೊಬ್ಬನು ಹೊಳೆಯ ದಂಡೆಗೆ. ಆದರೂ ಬೈರನಿಗೆ ಹೆಸರಿದೆ, ಮುಖವಿದೆ, ಭಯವಿದೆ, ಹಾಸ್ಯವಿದೆ. ಓದುಗನು ಪುಸ್ತಕವನ್ನು ಮುಚ್ಚಿದಮೇಲೂ ಅವನನ್ನು ಮರೆಯುವುದಿಲ್ಲ. ಈ ಮಾತು ಮುಂದಿನ ವಿಚಾರಕ್ಕೆ ಬೇಕಾಗುತ್ತದೆ. ಏಕೆಂದರೆ ಚಿನ್ನಾರು ಹೊಳೆ ಹರಿಯುವ ಸೀಮೆ ಅಂದಿನ ಸೇಲಂ ಜಿಲ್ಲೆ, ಇಂದಿನ ಧರ್ಮಪುರಿ ಜಿಲ್ಲೆ. ವೀರಪ್ಪನ್ ೨೦೦೪ರ ಅಕ್ಟೋಬರ್ ೧೮ರಂದು ಸತ್ತ ಪಾಪಾರಪಟ್ಟಿಯೂ ಅದೇ ಜಿಲ್ಲೆಯಲ್ಲಿದೆ. ಆಂಡರ್ಸನ್ನನ ಕಾಡೂ ಕಾರ್ಯಪಡೆಯ ಕಾಡೂ ಒಂದರ ಅಂಚಿಗೆ ಒಂದು ಸೇರಿದ ಅದೇ ಕಾವೇರಿ ಸೀಮೆ.

೩

ಈಗ ಚರಿತ್ರೆಯ ಕಡೆಗೆ ತಿರುಗೋಣ. ೧೯೫೨ರಲ್ಲಿ ಗೋಪಿನಾಥಂನಲ್ಲಿ ಹುಟ್ಟಿದ ವೀರಪ್ಪನ್ ಮೊದಲಿಗೆ ಆನೆದಂತದ ಕಳ್ಳಬೇಟೆಗಾರ, ಆಮೇಲೆ ಶ್ರೀಗಂಧದ ಕಳ್ಳಸಾಗಣೆಗಾರ, ಕಡೆಗೆ ಕೊಲೆಗಾರ ಮತ್ತು ಅಪಹರಣಕಾರ. ಗೋಪಿನಾಥಂ ಕರ್ನಾಟಕಕ್ಕೆ ಸೇರಿದ ತಮಿಳು ಮಾತಿನ ಹಳ್ಳಿ. ಅವನ ಆಟ ನಡೆದುದೆಲ್ಲ ಇಂತಹ ಗಡಿಯ ನೆಲದಲ್ಲಿ. ಅಲ್ಲಿ ಸೋಲಿಗರೂ ಇದ್ದಾರೆ, ಒಕ್ಕಲು ಮಕ್ಕಳೂ ಇದ್ದಾರೆ. ಕನ್ನಡವೂ ಉಂಟು, ತಮಿಳೂ ಉಂಟು. ಕಾಡಿನ ದಾರಿಗಳನ್ನು ಬಲ್ಲವರು ಈ ಜನರು. ಮಲೆಯೊಳಗೆ ಹುಟ್ಟಿ ಬೆಳೆದ ವೀರಪ್ಪನ್ನನಿಗೂ ಅದೇ ವಿದ್ಯೆ. ೧೯೯೩ರಲ್ಲಿ ಗಡಿ ಭದ್ರತಾ ಪಡೆಯನ್ನು ಅಲ್ಲಿಗೆ ಕರೆಸಿದಾಗ, ನೆಲವೂ ನುಡಿಯೂ ಅರಿಯದ ಆ ಪಡೆ ಹೆಚ್ಚೇನನ್ನೂ ಸಾಧಿಸಲಾರದೆ ಹೋಯಿತು. ದಾರಿ ಬಲ್ಲವನಿಲ್ಲದೆ ಅಲ್ಲಿ ಒಂದು ಹೆಜ್ಜೆಯೂ ಸಾಗದೆಂಬುದು ಇದರಿಂದ ಸಿದ್ಧವಾಗುತ್ತದೆ.

ಈ ಸತ್ಯವನ್ನು ಬೇರೆ ರೀತಿಯಲ್ಲಿ ಅರಿತವರು ಅರಣ್ಯಾಧಿಕಾರಿ ಪಿ. ಶ್ರೀನಿವಾಸ್. ಅವರು ಗೋಪಿನಾಥಂನಲ್ಲಿಯೇ ನೆಲಸಿ, ಊರವರಿಗೆ ಔಷಧೋಪಚಾರದ ಏರ್ಪಾಡು ಮಾಡಿ, ಮಾರಿಯಮ್ಮನ ಗುಡಿ ಕಟ್ಟಿಸಿಕೊಟ್ಟು, ಜನರ ಮನಸ್ಸಿನ ಮೂಲಕ ದಾರಿ ಹುಡುಕಿದರು. ಶರಣಾಗತಿಯ ನೆಪದಲ್ಲಿ ಅವರನ್ನು ಕಾಡಿಗೆ ಕರೆಸಿಕೊಂಡು ೧೯೯೧ರ ನವೆಂಬರ್ ೧೦ರಂದು ಕೊಂದರು. ಮರುವರ್ಷ ಆಗಸ್ಟ್ ೧೪ರಂದು ಮೈಸೂರಿನ ಪೊಲೀಸ್ ಅಧಿಕಾರಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಷಕೀಲ್ ಅಹಮದ್ ತಮ್ಮ ಜೊತೆಯವರೊಂದಿಗೆ ಮೀಣ್ಯದ ಬಳಿ ಹೊಂಚಿಗೆ ಬಲಿಯಾದರು. ದಾರಿ ತೋರಿಸುವ ಮಾತನ್ನು ನಂಬಿ ಹೋದವರಿಗೆ ಆ ದಾರಿಯೇ ಬಲೆಯಾದ ಪ್ರಸಂಗಗಳು ಇವು. ‘ಷೂಟ್ ಟು ಕಿಲ್’ ಚಿತ್ರದ ಅಧಿಕಾರಿಗೆ ಇಂತಹ ಶಂಕೆಯ ಕಾರಣವೇ ಇಲ್ಲ.

ಇನ್ನೊಂದು ಪಕ್ಕವೂ ಇದೆ. ಅದು ಇನ್ನೂ ಗಂಭೀರವಾದುದು. ೧೯೯೩ರ ಏಪ್ರಿಲ್ ೯ರಂದು ಪಾಲಾರ್ ಬಳಿ ನೆಲಬಾಂಬುಗಳು ಸಿಡಿದು ೨೨ ಮಂದಿ ಸತ್ತರು. ಆ ಸುದ್ದಿಯನ್ನು ಪೊಲೀಸ್ ದಳದ ಮೇಲಣ ದಾಳಿಯೆಂದು ನಾವು ನೆನಪಿಟ್ಟುಕೊಂಡಿದ್ದೇವೆ. ಸತ್ತವರಲ್ಲಿ ಪೊಲೀಸರು ಅಲ್ಪಸಂಖ್ಯಾತರು. ಉಳಿದವರು ಅರಣ್ಯ ಕಾವಲುಗಾರರು ಮತ್ತು ದಾರಿ ತೋರುವುದಕ್ಕೂ ಗುರುತು ಹೇಳುವುದಕ್ಕೂ ಜೊತೆಗೆ ಹೊರಟಿದ್ದ ಬಾತ್ಮೀದಾರರು, ಅರ್ಥಾತ್ ಹಳ್ಳಿಗರು. ಒಂದೇ ಪ್ರಸಂಗದಲ್ಲಿ ಇಷ್ಟೊಂದು ಮಂದಿ ‘ಮಾರ್ಗದರ್ಶಕರು’ ಮಡಿದ ಇನ್ನೊಂದು ಉದಾಹರಣೆ ನಮಗೆ ತೋರದು. ಬಾತ್ಮೀದಾರನೆಂಬ ಸಂಶಯ ಬಂದರೆ ವೀರಪ್ಪನ್ ಕೊಲ್ಲುತ್ತಿದ್ದನು. ಅವನಿಗೆ ಅಕ್ಕಿಬೇಳೆ ಕೊಟ್ಟರೆಂಬ ಸಂಶಯ ಬಂದರೆ ಕಾರ್ಯಪಡೆಯು ಹಿಡಿದೊಯ್ಯುತ್ತಿತ್ತು. ಹಾಗೆ ಹಿಡಿದೊಯ್ದವರ ದೂರುಗಳನ್ನು ವಿಚಾರಿಸುವುದಕ್ಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ೧೯೯೯ರಲ್ಲಿ ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿಯನ್ನು ನೇಮಿಸಿತು. ೨೦೦೭ರಲ್ಲಿ ೮೯ ಮಂದಿಗೆ ೨.೮೦ ಕೋಟಿ ರೂಪಾಯಿ ಪರಿಹಾರವನ್ನು ಸೂಚಿಸಿತು.

ಹೀಗಿರುವಲ್ಲಿ, ಈ ಬೇಟೆಯ ನಿಜವಾದ ನಾಟಕ ಅಧಿಕಾರಿಗೂ ದರೋಡೆಗಾರನಿಗೂ ನಡುವಣದು ಮಾತ್ರವಲ್ಲ. ಇಬ್ಬರಿಗೂ ಬೇಕಾಗಿ, ಇಬ್ಬರಿಂದಲೂ ಶಂಕಿತನಾಗಿ, ನಡುವೆ ನಿಂತ ಮಲೆಯ ಮನುಷ್ಯನ ನಾಟಕವೂ ಅದು.

೪

ಈ ನಡುವಣ ಮನುಷ್ಯನನ್ನು ನಮ್ಮ ಚಿತ್ರಗಳು ಹೇಗೆ ಕಂಡಿವೆ?

ಎ. ಎಂ. ಆರ್. ರಮೇಶ್ ನಿರ್ದೇಶಿಸಿದ ‘ಅಟ್ಟಹಾಸ’ ತಮಿಳಿನಲ್ಲಿ ‘ವನಯುದ್ಧಂ’ ಎಂಬ ಹೆಸರಿನಿಂದ ಬಂದಿತು. ರಾಜೀವ್ ಗಾಂಧಿಯವರ ಹಂತಕರು ಬೆಂಗಳೂರಿನಲ್ಲಿ ಅಡಗಿದ ಪ್ರಸಂಗವನ್ನು ಕುರಿತು ಅದೇ ನಿರ್ದೇಶಕರು ೨೦೦೬ರಲ್ಲಿ ‘ಸೈನೈಡ್’ ಚಿತ್ರವನ್ನು ಮಾಡಿದ್ದರು. ದಾಖಲೆಗಳನ್ನು ಮುಂದಿಟ್ಟುಕೊಂಡು, ನಡೆದುದನ್ನು ನಡೆದ ಕ್ರಮದಲ್ಲಿ ಹೇಳುವ ಶ್ರದ್ಧೆ ಎರಡರಲ್ಲಿಯೂ ಕಾಣುತ್ತದೆ. ವೀರಪ್ಪನ್ ಪಾತ್ರದಲ್ಲಿ ಕಿಶೋರ್ ತೋರುವ ಸಂಯಮ ಮೆಚ್ಚತಕ್ಕದ್ದು. ಕಾಡಿನಲ್ಲಿ ಬದುಕುವವನ ಮೈಯ ಎಚ್ಚರ, ಸದ್ದಿಗೆ ಕಿವಿಗೊಡುವ ರೀತಿ, ಮಾತಿನ ನಡುವೆ ಥಟ್ಟನೆ ತೋರುವ ಕ್ರೌರ್ಯ ಇವುಗಳನ್ನು ಅವರು ಆರ್ಭಟವಿಲ್ಲದೆ ಅಭಿನಯಿಸಿದ್ದಾರೆ. ವಿಜಯಕುಮಾರ್ ಪಾತ್ರದ ಅರ್ಜುನ್ ಸರ್ಜಾ ಅವರಲ್ಲಿ ಅಧಿಕಾರಿಯ ಗತ್ತೂ ಇದೆ. ಆದರೆ ಘಟನೆಗಳ ಪಟ್ಟಿ ಉದ್ದವಾದಂತೆ ಮನುಷ್ಯರಿಗೆ ಇಲ್ಲಿ ಎಡೆ ಸಾಲದಾಗುತ್ತದೆ. ಊರವರು ಗುಂಪಾಗಿ ಬರುತ್ತಾರೆ, ಗುಂಪಾಗಿ ಹೋಗುತ್ತಾರೆ. ಅಧಿಕಾರಿಯ ಪಕ್ಕದಲ್ಲಿ ನಡೆದು, ಮುರಿದ ಕಡ್ಡಿಯನ್ನೂ ಆರಿದ ಒಲೆಯ ಬೂದಿಯನ್ನೂ ಓದಿ ಹೇಳುವ ಒಬ್ಬ ಬೈರನು ಇಲ್ಲಿ ನಮ್ಮ ನೆನಪಿನಲ್ಲಿ ಉಳಿಯುವುದಿಲ್ಲ. ಕಾಡನ್ನು ಓದುವ ವಿದ್ಯೆ ಅಪರಾಧಿಯೊಬ್ಬನ ಸ್ವತ್ತಾಗಿ ತೋರುತ್ತದೆ. ಅದೇ ವಿದ್ಯೆಯುಳ್ಳ ನೂರಾರು ನಿರಪರಾಧಿಗಳು ಹಿನ್ನೆಲೆಯ ಗಿಡಮರಗಳೊಡನೆ ಬೆರೆತುಹೋಗುತ್ತಾರೆ.

ರಾಮ್ ಗೋಪಾಲ್ ವರ್ಮ ಅವರ ‘ಕಿಲ್ಲಿಂಗ್ ವೀರಪ್ಪನ್’ ೨೦೧೬ರ ಜನವರಿ ೧ರಂದು ತೆರೆಕಂಡಿತು. ಇದರ ದಾರಿ ಬೇರೆ. ಇದು ಕಾಲಕ್ರಮವನ್ನು ಬಿಟ್ಟು ಕೊನೆಯ ತಂತ್ರವೊಂದನ್ನೇ ಹಿಡಿಯುತ್ತದೆ. ಕಾರ್ಯಪಡೆಯ ಅಧಿಕಾರಿಯಾಗಿ ಶಿವರಾಜಕುಮಾರ್, ವೀರಪ್ಪನ್ನಾಗಿ ಸಂದೀಪ್ ಭಾರದ್ವಾಜ್, ಅಧಿಕಾರಿಯ ಪರವಾಗಿ ವೀರಪ್ಪನ್ನನ ಹೆಂಡತಿಯ ವಿಶ್ವಾಸವನ್ನು ಗಳಿಸಿಕೊಳ್ಳುವ ಶ್ರೇಯಾ ಎಂಬ ಹೆಣ್ಣಾಗಿ ಪಾರುಲ್ ಯಾದವ್ ಅಭಿನಯಿಸಿದ್ದಾರೆ. ಈ ಶ್ರೇಯಾ ಪಾತ್ರವನ್ನು ವಿಮರ್ಶಕರು ಸಾಮಾನ್ಯವಾಗಿ ಗೂಢಚಾರಿಣಿಯೆಂದು ತಿಳಿದು ಮುಂದೆ ಸಾಗುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಆಕೆ ಈ ಕಥಾಪ್ರಕಾರದ ಮಾರ್ಗದರ್ಶಕನ ಸ್ಥಾನದಲ್ಲಿರುವವಳು. ಕಾಡಿನ ದಾರಿ ದುರ್ಗಮವೆಂದು ಕಂಡ ಅಧಿಕಾರಿ ಮನೆಯ ದಾರಿಯನ್ನು ಹುಡುಕುತ್ತಾನೆ; ಅಲ್ಲಿ ಜಾಡು ಹಿಡಿಯಬಲ್ಲವಳು ಆಕೆ. ವೀರಪ್ಪನ್ನನಿಗೆ ಕೋಟೆಯಾಗಿದ್ದುದು ಗಿಡಮರಗಳಿಗಿಂತ ಹೆಚ್ಚಾಗಿ ನಂಟಸ್ತಿಕೆಯೆಂಬ ಅಂಶವನ್ನು ಈ ಚಿತ್ರ ಅರಿತಿದೆ. ಇದು ಅದರ ದೊಡ್ಡ ಗುಣ.

ದೋಷವೂ ಇಲ್ಲಿಯೇ ಹುಟ್ಟುತ್ತದೆ. ಶ್ರೇಯಾ ಮಲೆಯವಳಲ್ಲ, ಅಧಿಕಾರಿಯ ಕಡೆಯಿಂದ ಕಳುಹಿಸಲ್ಪಟ್ಟವಳು. ಆಕೆ ದ್ರೋಹವೆಸಗಬೇಕಾದುದು ತನ್ನವರಿಗಲ್ಲ. ಹೀಗೆ ಚಿತ್ರವು ಮಾರ್ಗದರ್ಶಕನ ಕೆಲಸವನ್ನು ಉಳಿಸಿಕೊಂಡು ಅವನ ಧರ್ಮಸಂಕಟವನ್ನು ಕೈಬಿಟ್ಟಿದೆ. ಗೋಪಿನಾಥಂನ ಒಬ್ಬ ಹೆಂಗಸು, ಅಥವಾ ಮಹದೇಶ್ವರಬೆಟ್ಟದ ಒಬ್ಬ ಸೋಲಿಗನು ಆ ಸ್ಥಾನದಲ್ಲಿದ್ದಿದ್ದರೆ, ಪ್ರೇಕ್ಷಕನಿಗೆ ಉಸಿರು ಬಿಗಿಹಿಡಿಯುವ ಕುತೂಹಲದ ಜೊತೆಗೆ ಎದೆಯಲ್ಲಿ ಒಂದು ಮುಳ್ಳೂ ಉಳಿಯುತ್ತಿತ್ತು.

ಕೊನೆಯ ದೃಶ್ಯದ ಬಗ್ಗೆಯೂ ಒಂದು ಮಾತು ಹೇಳಬೇಕು. ಕಣ್ಣಿನ ಚಿಕಿತ್ಸೆಯ ಆಸೆ ತೋರಿಸಿ, ಆಂಬುಲೆನ್ಸ್ ಗಾಡಿಯಲ್ಲಿ ಕೂರಿಸಿಕೊಂಡು, ವೀರಪ್ಪನ್ನನನ್ನು ಕಾಡಿನಿಂದ ಹೊರಗೆ ತಂದು ರಸ್ತೆಯ ಮೇಲೆ ಮುಗಿಸಿದ್ದು ಎಲ್ಲರಿಗೂ ತಿಳಿದ ವಿಷಯ. ಕಾರ್ಯಾಚರಣೆಯನ್ನು ನಡೆಸಿದ ಕೆ. ವಿಜಯಕುಮಾರ್ ೨೦೧೭ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿಯೂ ಇದನ್ನು ವಿವರಿಸಿದ್ದಾರೆ. ಇದರ ಅರ್ಥವೇನು? ಹತ್ತಾರು ವರ್ಷ ಕಾಡಿನಲ್ಲಿ ಬೆನ್ನಟ್ಟಿದ ಪಡೆ ಗೆದ್ದುದು ಕಾಡನ್ನು ಬಿಟ್ಟಮೇಲೆ. ನೆಲ ಬಲ್ಲವನೊಡನೆ ಅವನ ನೆಲದಲ್ಲಿ ಸೆಣಸುವುದನ್ನು ನಿಲ್ಲಿಸಿ, ಅವನನ್ನೇ ಅಪರಿಚಿತ ನೆಲಕ್ಕೆ ಎಳೆದು ತಂದಾಗ. ಡಾಂಬರು ರಸ್ತೆಯ ಮೇಲೆ ವೀರಪ್ಪನ್ ದಾರಿ ತಿಳಿಯದ ಪರಊರಿನವನು. ಎರಡು ಚಿತ್ರಗಳೂ ಈ ಘಟನೆಯನ್ನು ವಿಜಯವೆಂದು ತೋರಿಸುತ್ತವೆ. ಅದರಲ್ಲಿ ಅಡಗಿರುವ ಸೋಲಿನ ಒಪ್ಪಿಗೆಯನ್ನು ಎರಡೂ ಗಮನಿಸುವುದಿಲ್ಲ.

೫

‘ಷೂಟ್ ಟು ಕಿಲ್’ ಚಿತ್ರದ ಕೊನೆಯ ಭಾಗ ನಗರದಲ್ಲಿ ನಡೆಯುತ್ತದೆಂದು ಆರಂಭದಲ್ಲಿ ಹೇಳಿದೆವು. ನಮ್ಮ ಕಥೆಗೂ ಒಂದು ನಗರದ ಭಾಗವಿದೆ; ಅದು ಬೆಂಗಳೂರಿನ ಪೂರ್ವಭಾಗಕ್ಕೆ ಸೇರಿದುದು. ೧೯೭೩ರ ‘ಗಂಧದ ಗುಡಿ’ಯಲ್ಲಿ ಅರಣ್ಯಾಧಿಕಾರಿಯಾಗಿ ಕಾಡುಗಳ್ಳರನ್ನು ಬೆನ್ನಟ್ಟಿದ ರಾಜಕುಮಾರ್ ಅವರನ್ನು, ೨೭ ವರ್ಷಗಳ ತರುವಾಯ, ೨೦೦೦ದ ಜುಲೈ ೩೦ರಂದು ಗಾಜನೂರಿನಿಂದ ವೀರಪ್ಪನ್ ಅಪಹರಿಸಿದನು. ನವೆಂಬರ್ ೧೫ರವರೆಗಿನ ೧೦೮ ದಿನಗಳು ಶಿವಾಜಿನಗರ, ಹಲಸೂರುಗಳಂತಹ ಬಡಾವಣೆಗಳಿಗೆ ಕಳವಳದ ದಿನಗಳು. ಅಲ್ಲಿ ಕನ್ನಡದ ಮನೆಗೂ ತಮಿಳಿನ ಮನೆಗೂ ನಡುವೆ ಒಂದೇ ಗೋಡೆ. ೧೯೯೧ರ ಡಿಸೆಂಬರಿನ ಕಾವೇರಿ ಗಲಭೆಯ ನೆನಪು ಇನ್ನೂ ಮಾಸಿರಲಿಲ್ಲ. ಅಪಹರಣಕಾರನ ಬೇಡಿಕೆಗಳಲ್ಲಿ ಒಂದು, ಹಲಸೂರು ಕೆರೆಯ ಬಳಿ ೧೯೯೧ರಿಂದ ಮುಸುಕು ಹೊದಿಸಿಟ್ಟಿದ್ದ ತಿರುವಳ್ಳುವರ್ ಪ್ರತಿಮೆಯನ್ನು ಅನಾವರಣಗೊಳಿಸಬೇಕೆಂಬುದು. ಗೋಪಿನಾಥಂನ ಬೆಟ್ಟದ ಬಂದೂಕು ಹೀಗೆ ಹಲಸೂರಿನ ಕೆರೆಯ ಏರಿಯವರೆಗೆ ಚಾಚಿಕೊಂಡಿತ್ತು. ಪ್ರತಿಮೆಯ ಮುಸುಕು ತೆಗೆದುದು ೨೦೦೯ರ ಆಗಸ್ಟ್ ೯ರಂದು. ಬಂದೂಕಿನ ಬೆದರಿಕೆಯಿಂದಲ್ಲ, ಎರಡು ರಾಜ್ಯಗಳ ಮಾತುಕತೆಯಿಂದ. ಅದೇ ವಾರ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು.

ಅದೇ ೧೦೮ ದಿನಗಳಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಟಾಡಾ ಕಾಯಿದೆಯಡಿ ಮೈಸೂರಿನ ಸೆರೆಮನೆಯಲ್ಲಿದ್ದ ೫೧ ಮಂದಿಯನ್ನು ರಾಜಕುಮಾರ್ ಅವರ ಬಿಡುಗಡೆಗಾಗಿ ಬಿಟ್ಟುಕೊಡಲು ಸರಕಾರ ಸಿದ್ಧವಾದಾಗ, ಹತರಾದ ಷಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ ಅದನ್ನು ತಡೆದರು. ಮಗನನ್ನು ಕಳೆದುಕೊಂಡ ತಂದೆಯ ನ್ಯಾಯವು ನಿರ್ವಿವಾದವಾದುದು. ಆದರೆ ಆ ಸೆರೆಯಲ್ಲಿದ್ದವರಲ್ಲಿ ಬಹುಮಂದಿ ಮಲೆಯ ಹಳ್ಳಿಗಳ ಬಡವರು; ೨೦೦೧ರಲ್ಲಿ ನ್ಯಾಯಾಲಯವೇ ಆ ಮೊಕದ್ದಮೆಗಳ ಆರೋಪಿಗಳಲ್ಲಿ ಹೆಚ್ಚಿನವರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಇಬ್ಬರ ಕಡೆಯೂ ನ್ಯಾಯವಿರುವ ಇಂತಹ ಸನ್ನಿವೇಶಕ್ಕಿಂತ ಹಿರಿದಾದ ವಸ್ತು ನಾಟಕಕಾರನಿಗೆ ದೊರೆಯದು. ನಮ್ಮ ಚಿತ್ರಗಳು ಅದನ್ನು ತಮ್ಮ ನಡುಗಂಬವಾಗಿ ಮಾಡಿಕೊಳ್ಳಲಿಲ್ಲ.

೬

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ರೋಮಾಂಚಕ ಚಿತ್ರದಿಂದ ಚರಿತ್ರೆಯ ನ್ಯಾಯವನ್ನು ಬಯಸುವುದು ಸರಿಯೆ? ಎರಡು ಗಂಟೆಯ ಮನರಂಜನೆಗೆ ಆಯೋಗದ ವರದಿಯ ಭಾರವನ್ನು ಹೊರಿಸಬಹುದೆ? ಇದಕ್ಕೆ ನಮ್ಮ ಸಮಾಧಾನ ಹೀಗೆ. ನಾವು ಕೇಳುತ್ತಿರುವುದು ಹೆಚ್ಚಿನ ಮಾಹಿತಿಯನ್ನಲ್ಲ, ಒಂದು ಪಾತ್ರವನ್ನು. ಅದೂ ಈ ಪ್ರಕಾರದ ನಿಯಮದಿಂದಲೇ ಅಗತ್ಯವಾದ ಪಾತ್ರ. ಕುರೊಸಾವಾ ಅವರ ೧೯೭೫ರ ‘ದೆರ್ಸು ಉಜಾಲಾ’ ಚಿತ್ರದಲ್ಲಿ ರಷ್ಯದ ಮೋಜಣಿ ಅಧಿಕಾರಿಗೆ ಕಾಡಿನಲ್ಲಿ ದಾರಿ ತೋರಿದ ಮುದುಕ ಬೇಟೆಗಾರನು ಕಡೆಗೆ ಕೊಲೆಯಾಗುತ್ತಾನೆ. ಅಧಿಕಾರಿ ಪ್ರೀತಿಯಿಂದ ಕೊಟ್ಟ ಹೊಸ ಬಂದೂಕು ಅವನ ಹೆಣದ ಬಳಿ ಇರುವುದಿಲ್ಲ. ಕೊಟ್ಟ ಬಹುಮಾನವೇ ಮೃತ್ಯುವಾಯಿತೆಂಬುದನ್ನು ಆ ಚಿತ್ರ ಒಂದು ಮಾತೂ ಹೆಚ್ಚಿಗೆ ಆಡದೆ ತಿಳಿಸುತ್ತದೆ. ಬಾತ್ಮೀದಾರನ ಬದುಕಿನ ಸಾರವೇ ಇದು. ಇದನ್ನು ತೋರಿಸಿದುದರಿಂದ ಆ ಚಿತ್ರದ ರಸಕ್ಕೆ ಕೊರತೆಯಾಗಲಿಲ್ಲ.

ಸಾಮಗ್ರಿ ಇರಲಿಲ್ಲವೆನ್ನುವಂತೆಯೂ ಇಲ್ಲ. ೨೦೨೩ರಲ್ಲಿ ಸೆಲ್ವಮಣಿ ಸೆಲ್ವರಾಜ್ ಅವರು ನಾಲ್ಕು ಭಾಗಗಳಲ್ಲಿ ಮಾಡಿದ ‘ದಿ ಹಂಟ್ ಫಾರ್ ವೀರಪ್ಪನ್’ ಎಂಬ ಸಾಕ್ಷ್ಯಚಿತ್ರದಲ್ಲಿ ವೀರಪ್ಪನ್ನನ ಹೆಂಡತಿ ಮುತ್ತುಲಕ್ಷ್ಮಿ, ಪೊಲೀಸ್ ಅಧಿಕಾರಿಗಳು, ಊರವರು ತಮ್ಮ ತಮ್ಮ ಬಾಯಿಂದ ಮಾತಾಡಿದ್ದಾರೆ. ಕೇಳುವವರಿದ್ದರೆ ಹೇಳುವವರು ಈಗಲೂ ಇದ್ದಾರೆಂಬುದು ಇದರಿಂದ ಸ್ಪಷ್ಟ.

ಈ ಪಾತ್ರದ ಕೊರತೆ ಕಲೆಗೆ ಮಾತ್ರ ಸಂಬಂಧಿಸಿದುದೆಂದು ನಾವು ಭಾವಿಸುವುದಿಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಮೇಲೆ ಮಲೆಯವರ ಬೇಟೆಯ ವಿದ್ಯೆಯೆಲ್ಲ ಅಪರಾಧದ ಪಟ್ಟಿಗೆ ಸೇರಿತು. ಕಾಡಿಗೆ ಆ ರಕ್ಷಣೆ ಬೇಕಾಗಿತ್ತು, ನಿಜ. ಆದರೆ ಬೈರನಂತಹವನ ಅರಿವಿಗೆ ಅಂದಿನಿಂದ ಎರಡೇ ಬೆಲೆ ಉಳಿದವು: ಕಳ್ಳನಿಗೆ ಕೂಲಿಯಾಳು, ಇಲ್ಲವೆ ಪೊಲೀಸರಿಗೆ ಬಾತ್ಮೀದಾರ. ಮೂರನೆಯ ಸ್ಥಾನವೊಂದು ಸಾಧ್ಯವೆಂಬುದು ೨೦೦೬ರ ಅರಣ್ಯ ಹಕ್ಕು ಕಾಯಿದೆಯಿಂದ, ೨೦೧೧ರಲ್ಲಿ ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ ಹುಲಿ ಸಂರಕ್ಷಿತ ಪ್ರದೇಶದೊಳಗೇ ಸಮುದಾಯದ ಹಕ್ಕು ದೊರೆತುದರಿಂದ ಸಿದ್ಧವಾಯಿತು. ಅಲ್ಲಿ ದಾರಿ ಬಲ್ಲವನು ಹಕ್ಕುದಾರನೂ ಹೌದು. ಕಾನೂನು ಇಟ್ಟ ಈ ಹೆಜ್ಜೆಯನ್ನು ಕಥೆ ಇನ್ನೂ ಇಟ್ಟಿಲ್ಲ.

ಒಟ್ಟಿನಲ್ಲಿ ನಮ್ಮ ತೀರ್ಮಾನವಿದು. ‘ಅಟ್ಟಹಾಸ’ವು ಘಟನೆಗಳಿಗೆ ಪ್ರಾಮಾಣಿಕವಾದ, ಮನುಷ್ಯರ ವಿಷಯದಲ್ಲಿ ಜಿಪುಣವಾದ ಚಿತ್ರ. ‘ಕಿಲ್ಲಿಂಗ್ ವೀರಪ್ಪನ್’ ಬುದ್ಧಿಶಾಲಿಯಾದ ಚಿತ್ರ; ತಾನು ಕಂಡುಕೊಂಡ ಸತ್ಯದ ಅರ್ಧವನ್ನ ಮಾತ್ರ ಅದು ಹೇಳಿದೆ. ೧೯೫೪ರಷ್ಟು ಹಿಂದೆ, ದಂಡಿನ ಒಬ್ಬ ಬಿಳಿಯ ಬೇಟೆಗಾರನು ತನ್ನ ಅಧ್ಯಾಯವೊಂದಕ್ಕೆ ಕಾಡಿನವನ ಹೆಸರನ್ನು ಇಟ್ಟನು. ಅವನ ಸೌಜನ್ಯಕ್ಕೆ ಮಿತಿಯಿದ್ದುದು ನಿಜ. ಆದರೂ ಪಾಲಾರಿನ ದಾರಿಯಲ್ಲಿ ಪೊಲೀಸರ ಜೊತೆಗೆ ಹೊರಟು ಮಡಿದ ಹಳ್ಳಿಗರಲ್ಲಿ ಒಬ್ಬನಿಗಾದರೂ ನಮ್ಮ ಚಿತ್ರಗಳು ಅಷ್ಟು ಗೌರವವನ್ನು ಸಲ್ಲಿಸಬಹುದಾಗಿತ್ತು. ಮುಂದೆ ಈ ವಸ್ತುವನ್ನು ಕೈಗೆತ್ತಿಕೊಳ್ಳುವವರು ಅಧಿಕಾರಿಯಿಂದಾಗಲಿ ದರೋಡೆಗಾರನಿಂದಾಗಲಿ ಆರಂಭಿಸದೆ, ಆ ಹಳ್ಳಿಗರಲ್ಲಿ ಒಬ್ಬನ ಮನೆಯ ಬಾಗಿಲಿನಿಂದ, ಅವನು ಹೊರಟ ಬೆಳಗಿನಿಂದ ಆರಂಭಿಸಲಿ ಎಂಬುದು ನಮ್ಮ ಆಶಯ.